ಸೋದರಮಾವ ಬೇಡವೆಂದ ಹುಡುಗಿ

೧೯೯೮ರಲ್ಲಿ ನಾನು ಓದು ಬಿಟ್ಟೆ. ಫೇಲಾಗಿ ಬಿಟ್ಟವನಲ್ಲ, ಒಂಬತ್ತನೇ ಕ್ಲಾಸು ಪಾಸಾಗಿತ್ತು. ಕೇಳಿದವರೆಲ್ಲ ಮೊದಲು ಫೇಲು ಎಂದೇ ಅಂದುಕೊಳ್ಳುವುದರಿಂದ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದ ನನ್ನ ಭಾವ, ಅಂದರೆ ಅಕ್ಕನ ಗಂಡ, ಕುಣಿಗಲ್ ಹತ್ತಿರದ ನಮ್ಮೂರಿಗೆ ಬಂದು ತಿಥಿ ಮುಗಿಸಿ ಹೊರಡುವಾಗ ಅಮ್ಮನ ಮುಂದೆ ನಿಂತು, “ಅತ್ತೆ, ಇವನ್ನ ನನ್ ಜೊತೆ ಕಳ್ಸಿ. ಕೈಗೊಂದು ಕೆಲ್ಸ ಹತ್ತುತ್ತೆ. ಇಲ್ಲಿದ್ರೆ ಅರಳೀಕಟ್ಟೆ ಮೇಲೆ ಇಸ್ಪೀಟು ಕಲೀತಾನೆ, ಅಷ್ಟೇ” ಎಂದರು. ಅಮ್ಮ ಒಂದು ಚೀಲಕ್ಕೆ ನನ್ನ ಬಟ್ಟೆ, ಇನ್ನೊಂದು ಚೀಲಕ್ಕೆ ಅಕ್ಕನ ಮನೆಗೆಂದು ಹುರುಳಿಕಾಳು ತುಂಬಿದಳು. ಪುಸ್ತಕದ ಮಾತು ಯಾರೂ ಎತ್ತಲಿಲ್ಲ.

ಅದೇ ವರ್ಷ ದಸರೆಯ ಹೊತ್ತಿಗೆ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ಉಡಿದಾರ ತರಬೇಕು, ಅವನೇ ಅದರ ಸೊಂಟಕ್ಕೆ ಕಟ್ಟಬೇಕು. ದಾಸರಹಳ್ಳಿಯ ಗಲ್ಲಿಯಲ್ಲಿ ಶೀಟು ಹೊದಿಸಿದ ಎರಡು ಕೋಣೆಯ ಮನೆ ಅಕ್ಕನದು. ಜನ ಬಾಗಿಲಾಚೆಗೂ ಕೂತಿದ್ದರು. ಮೀಸೆ ಮೂಡದ ನಾನು ಆ ಕರಿದಾರ ಕಟ್ಟುತ್ತಿದ್ದಾಗ ದೊಡ್ಡಪ್ಪ, “ಗಟ್ಟಿಯಾಗ್ ಕಟ್ಲಾ. ನಿನ್ ಎಂಡ್ತಿ ಕಣ್ಲಾ ಅದು, ಸಡ್ಲ ಬಿಟ್ರೆ ಓಡೋಯ್ತಾಳೆ” ಎಂದರು. ಎಲ್ಲರೂ ನಕ್ಕರು. ನಾನು ನಾಚಿಕೊಂಡು ಹೊರಗೆ ಓಡಿದೆ.

ಅಕ್ಕನ ಮಗಳು ಸೋದರಮಾವನಿಗೆ ಸಲ್ಲಬೇಕಾದವಳು ಎನ್ನುವುದು ನಮ್ಮಲ್ಲಿ ಹಳೆಯ ರೂಢಿ. ಎಷ್ಟೋ ಮನೆಗಳಲ್ಲಿ ಅದು ತಮಾಷೆಯಾಗಿ ಶುರುವಾಗಿ ತಮಾಷೆಯಾಗಿಯೇ ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲಿ ಅವತ್ತು ನಕ್ಕಿದ್ದೇ ಕೊನೆ. ಆಮೇಲೆ ಆ ಮಾತು ಮನೆಯ ಗೋಡೆಯ ಹಾಗೆ ನಿಂತುಬಿಟ್ಟಿತು. ಗೋಡೆಯನ್ನು ದಿನಾ ಯಾರು ನೋಡುತ್ತಾರೆ?

ಭಾವ ನನ್ನನ್ನು ಸೇರಿಸಿದ್ದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿಗೆ. ಬೇರೆ ಬೇರೆ ಕಾರ್ಖಾನೆಗಳಿಂದ ಗೇರು, ಶಾಫ್ಟು ಬರುತ್ತವೆ. ಅವನ್ನು ಫರ್ನೇಸಿನಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯ ತೊಟ್ಟಿಗೆ ಇಳಿಸಿದರೆ ಗಟ್ಟಿಯಾಗುತ್ತವೆ. ಆ ತೊಟ್ಟಿಯ ತಳ ಬಳಿಯುವುದರಿಂದ ನಾನು ಶುರುಮಾಡಿದೆ. ಮೊಣಕೈಯಿಂದ ಕೆಳಗಿನ ಕೂದಲು ಸುಟ್ಟುಹೋಗಿ, ಮತ್ತೆ ಬಂದು, ಮತ್ತೆ ಸುಟ್ಟುಹೋಗಿ, ಕೊನೆಗೆ ಬರುವುದನ್ನೇ ಬಿಟ್ಟಿತು. ಈಗ ಅಲ್ಲಿನ ಎರಡು ಫರ್ನೇಸೂ ನನ್ನ ಉಸ್ತುವಾರಿಯಲ್ಲಿವೆ. ಯಾರ ಶಿಫಾರಸಿನಿಂದಲೂ ಬಂದದ್ದಲ್ಲ.

ಹುಡುಗಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಬೆಳೆದಳು ಎಂದರೂ ನಡೆಯುತ್ತದೆ. ಮೊದಲ ಪಾಳಿ ಮುಗಿಸಿ ಶಾಲೆಯ ಗೇಟಿನಲ್ಲಿ ನಿಂತರೆ ಓಡಿ ಬಂದು ಹಿಂದೆ ಹತ್ತಿ, ನನ್ನ ಬೆನ್ನಿಗೆ ಮೂಗು ತಾಗಿಸಿ, “ಮಾವ, ನೀನು ಬೋಂಡಾ ಅಂಗ್ಡಿ ವಾಸ್ನೆ ಕಣೋ” ಎನ್ನುತ್ತಿದ್ದಳು. ಸುಟ್ಟ ಎಣ್ಣೆಯ ವಾಸನೆ ಎಷ್ಟು ಸೋಪು ಹಾಕಿದರೂ ಹೋಗುವಂಥದ್ದಲ್ಲ. ಅಕ್ಕ ಅವಳ ತಲೆಗೆ ಮೊಟಕಿ, “ನಾಳೆ ತಾಳಿ ಕಟ್ಟೋನಿಗೆ ಕಣೋ ಗಿಣೋ ಅಂತಾರೇನೇ?” ಎಂದು ಗದರುತ್ತಿದ್ದಳು. ಅದು ಅವಳಿಗೆ ಅರ್ಥವಾಗುವ ವಯಸ್ಸಲ್ಲ. ನನಗೆ ಅರ್ಥವಾಗುತ್ತಿತ್ತು, ಆದರೆ ಮನಸ್ಸು ಆ ಕಡೆ ಹೋಗುತ್ತಿರಲಿಲ್ಲ. ಒಂದು ಮನೆ, ಸಂಜೆಗೊಂದು ಬಿಸಿ ಮುದ್ದೆ, ಅಲ್ಲಿ ಇವರೆಲ್ಲ ಇರುತ್ತಾರೆ. ಮುಂದಿನ ದಿನಗಳ ಬಗ್ಗೆ ನನ್ನ ಯೋಚನೆ ಅಷ್ಟಕ್ಕೇ ನಿಲ್ಲುತ್ತಿತ್ತು.

ಅವಳು ಮೊದಲ ಪಿಯುಸಿಯಲ್ಲಿದ್ದಾಗ ಭಾವ ಬಸ್ ಸ್ಟಾಪಿನಲ್ಲಿ ನಿಂತಿದ್ದವರು ನಿಂತಲ್ಲೇ ಕುಸಿದು ತೀರಿಹೋದರು. ಹೃದಯಾಘಾತ. ಅಕ್ಕ ಗಾರ್ಮೆಂಟ್ಸಿಗೆ ಸೇರಿದಳು. ಹುಡುಗಿಯನ್ನೂ ಅಲ್ಲೇ ಸೇರಿಸಿ ಎಂದವರಿದ್ದರು. “ಈ ಮನೇಲಿ ಓದು ಬಿಟ್ಟೋನು ಒಬ್ಬ ಸಾಕು” ಎಂದೆ. ಭಾನುವಾರವೂ ಪಾಳಿ ಹಿಡಿದೆ. ಹೆಸರಘಟ್ಟ ರಸ್ತೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸುವ ತನಕ ಅವಳು ಯಾರ ಮುಂದೆಯೂ ಕೈಚಾಚಲಿಲ್ಲ. ಹೆಮ್ಮೆ ಅಂದರೆ ಹೆಮ್ಮೆಯೇ. ನಾನು ಮಾಡಿದ್ದು ಎಂದು ತೋರಿಸುವುದಕ್ಕೆ ಇದ್ದದ್ದು ಅದೊಂದೇ.

ಶೆಡ್ಡಿನವರು ಸುಮ್ಮನೆ ಬಿಡುತ್ತಿರಲಿಲ್ಲ. ಟೀ ಹೊತ್ತಿಗೆ ಒಬ್ಬ, “ಏನ್ ಗುರು, ಹೆಂಡ್ತಿಗೆ ಇಂಜಿನಿಯರಿಂಗ್ ಮಾಡಿಸ್ತಿದೀಯಂತೆ? ನಾಳೆ ಅವ್ಳು ನಿನ್ನನ್ನೇ ಇಂಟರ್‌ವ್ಯೂ ಮಾಡಿ ರಿಜೆಕ್ಟ್ ಮಾಡ್ತಾಳೆ ನೋಡ್ತಿರು” ಎಂದರೆ ಇನ್ನೊಬ್ಬ, “ಬಿಡು ಮಗಾ, ಇವ್ನಿಗೆ ಎಕ್ಸ್‌ಪೀರಿಯನ್ಸ್ ಇದೆ, ಹದಿನಾಲ್ಕು ವರ್ಷದೋನಿದ್ದಾಗ್ಲೇ ಅಪ್ಲಿಕೇಶನ್ ಹಾಕಿದಾನೆ” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಈ ನಡುವೆ ನನಗೆ ಊರ ಕಡೆಯಿಂದ ಬಂದ ಸಂಬಂಧಗಳನ್ನೆಲ್ಲ ಅಕ್ಕ ಹೊಸ್ತಿಲಲ್ಲೇ ನಿಲ್ಲಿಸಿ ವಾಪಸ್ಸು ಕಳಿಸುತ್ತಿದ್ದಳು. “ಅವನಿಗೆ ಹೆಣ್ಣಿದೆ” ಎನ್ನುವುದು ಅವಳ ಒಂದೇ ಉತ್ತರ.

ಡಿಗ್ರಿ ಕೊಡುವ ದಿನ ಹುಡುಗಿ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋದಳು. ಕಪ್ಪು ಗೌನು, ಚೌಕದ ಟೋಪಿ. ಹೊರಗೆ ಮರದ ಕೆಳಗೆ ಟೋಪಿ ತೆಗೆದು ನನ್ನ ತಲೆಗಿಟ್ಟು, “ಹಾಕ್ಕೋ ಮಾವ, ಅರ್ಧ ಡಿಗ್ರಿ ನಿಂದೇ” ಎಂದು ಪಕ್ಕ ನಿಂತು ಫೋಟೊ ತೆಗೆಸಿದಳು. ಫೋನಿನಲ್ಲಿ ಅದನ್ನು ನೋಡಿದ ಅಕ್ಕ, “ಜೋಡಿ ಚೆನ್ನಾಗೈತೆ ಕಣೇ, ದೃಷ್ಟಿ ತೆಗೀಬೇಕು” ಎಂದಳು. ಹುಡುಗಿಯ ಮುಖ ಒಮ್ಮೆಗೇ ಬಿಗಿಯಿತು. ನನ್ನ ತಲೆಯಿಂದ ಟೋಪಿಯನ್ನು ಮೆಲ್ಲಗೆ ತೆಗೆದುಕೊಂಡಳು. ಆ ವಯಸ್ಸಿಗೆ ಅವಳಿಗೆ ಎಲ್ಲಾ ಅರ್ಥವಾಗುತ್ತಿತ್ತು. ನಾನು ನೋಡಿದೆ, ನೋಡದವನಂತೆ ಇದ್ದುಬಿಟ್ಟೆ.

ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಾಯಿತು. ಪೀಣ್ಯ ಊರಿನ ಈ ತುದಿ, ಅದು ಆ ತುದಿ. ವಾರವಿಡೀ ಅಲ್ಲೇ ಪೀಜಿಯಲ್ಲಿದ್ದು ಶನಿವಾರ ಬಸ್ಸಿನಲ್ಲಿ ಜೋಲಿ ಹೊಡೆಯುತ್ತಾ ಬರುತ್ತಿದ್ದಳು. ಮಾತು ಕಡಿಮೆಯಾಯಿತು. ಶೀಟು ತೆಗೆಸಿ ಕಟ್ಟಿಸಿದ್ದ ತಾರಸಿಯ ಮೇಲೆ ಫೋನು ಜಾಸ್ತಿಯಾಯಿತು. ಮೇಲಿನಿಂದ ನಗು ಕೇಳಿಸುತ್ತಿತ್ತು. ಅಕ್ಕ ಬೇಳೆ ಆರಿಸುತ್ತಾ, “ಆಫೀಸಲ್ಲಿ ಅಷ್ಟೊಂದು ನಗೋ ಕೆಲ್ಸ ಕೊಡ್ತಾರಾ?” ಎಂದು ನನ್ನನ್ನು ಕೇಳುತ್ತಿದ್ದಳು. “ನಂಗೇನ್ ಗೊತ್ತು, ನಾನೇನ್ ಓದಿದೀನಾ?” ಎಂದು ಜಾರಿಕೊಳ್ಳುತ್ತಿದ್ದೆ.

ಆ ವರ್ಷದ ಆಯುಧಪೂಜೆ. ನಮ್ಮ ಶೆಡ್ಡಿನಲ್ಲಿ ಫರ್ನೇಸುಗಳು ಪೂರ್ತಿ ತಣ್ಣಗಾಗುವುದು ವರ್ಷಕ್ಕೆ ಆ ದಿನ ಮಾತ್ರ. ತೊಳೆದು, ವಿಭೂತಿ ಕುಂಕುಮ ಇಟ್ಟು, ಬಾಯಿಗೆ ಬಾಳೆಕಂದು ಕಟ್ಟಿದ್ದೆವು. ಗೇಟಿನಲ್ಲಿ ಬೂದುಗುಂಬಳಕಾಯಿ ಒಡೆದಾಗಿತ್ತು. ಹುಡುಗರು ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಹೊರಟಿದ್ದರು. ಅಷ್ಟು ಹೊತ್ತಿಗೆ ಅವಳು ರೇಷ್ಮೆ ಲಂಗದಾವಣಿಯಲ್ಲಿ, ಕೈಯಲ್ಲಿ ಅಕ್ಕ ಕಳಿಸಿದ ಪಾಯಸದ ಡಬ್ಬಿ ಹಿಡಿದು ಬಂದಳು. ಫರ್ನೇಸಿನ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಕೂತೆವು. ಯಂತ್ರಗಳು ನಿಂತ ಶೆಡ್ಡಿನಲ್ಲಿ ಮಾತು ಗಂಟೆಯ ಹಾಗೆ ಕೇಳಿಸುತ್ತದೆ.

“ಮಾವ, ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು.”

ನಿಮ್ಮ ಎಂದಳು. ಅಲ್ಲಿಗೆ ನನಗೆ ಗೊತ್ತಾಯಿತು.

“ಯಾರು ಹುಡ್ಗ?” ಎಂದೆ.

ಅವಳು ಹೆದರಲಿಲ್ಲ. “ಜಾಲಹಳ್ಳಿಯೋನು. ನನ್ ಜೊತೇಲೇ ಕೆಲ್ಸ. ಅವರಪ್ಪ ಸರ್ಕಾರಿ ಕಾರ್ಖಾನೇಲಿದ್ದು ರಿಟೈರ್ ಆಗಿದಾರೆ. ನಮ್ಮೋರೇ ಮಾವ. ಜಾತಿ ಕುಲ ಎಲ್ಲಾ ಕೂಡುತ್ತೆ.”

“ಎಲ್ಲಾ ಕೂಡೋದಾದ್ರೆ ಕಷ್ಟ ಏನಮ್ಮ?”

“ಕಷ್ಟ ನೀವೇ ಮಾವ.”

ಪಾಯಸದ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಿದ್ದಳು. ಎಲ್ಲವನ್ನೂ ಮೊದಲೇ ಯೋಚಿಸಿಕೊಂಡು ಬಂದಿದ್ದಳು. ತಾನು ಬೇಡ ಎಂದರೆ ತನ್ನಮ್ಮ ಹಾಸಿಗೆ ಹಿಡಿಯುತ್ತಾಳೆ. ಓದಿಸಿದವನಿಗೆ ಕೈಕೊಟ್ಟಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆ ಹುಡುಗನ ತಾಯಿಗೆ ಪ್ರೀತಿ ಗೀತಿ ಎಂದರೆ ಆಗುವುದಿಲ್ಲ, ದಲ್ಲಾಳಿಯ ಮೂಲಕ ಬಂದ ಸಂಬಂಧವೆಂದೇ ಕಾಣಬೇಕು. ಹಾಗಾಗಿ ಮೊದಲು ನಾನು ಬೇಡ ಅನ್ನಬೇಕು. ಕೆಲವು ತಿಂಗಳು ಕಳೆದ ಮೇಲೆ ಅವರು ಹೆಣ್ಣು ಕೇಳಿಕೊಂಡು ಬರುತ್ತಾರೆ. ನನಗೂ ಅವಳಿಗೂ ಆ ಹುಡುಗನಿಗೂ ಬಿಟ್ಟರೆ ಯಾರಿಗೂ ಇದು ಗೊತ್ತಾಗಕೂಡದು.

“ನೀವು ಬೇಡ ಅಂದ್ರೆ ಯಾರ್ ಕೇಳ್ತಾರೆ ಮಾವ? ಗಂಡಸು. ಒಂದಿನ ಬೈತಾರೆ, ಆಮೇಲೆ ಬಿಡ್ತಾರೆ.”

ನನಗೂ ಅದು ಸರಿ ಎನಿಸಿತು. ಓದಿದವಳು, ಓದದವನು, ಇಬ್ಬರಿಗೂ ಒಂದೇ ಥರ ಸರಿ ಎನಿಸಿತು. ಎದೆಯೊಳಗೆ ಏನೋ ಅಲುಗಾಡಿತು ಎನ್ನುವುದನ್ನು ಅಡಗಿಸುವುದಿಲ್ಲ. ಆದರೆ ಕೊಡುವ ಜಾಗದಲ್ಲಿ ನಾನಿದ್ದೆ, ಕೇಳುವ ಜಾಗದಲ್ಲಿ ಅವಳಿದ್ದಳು. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಪೀಠವಿಲ್ಲ. “ಆಯ್ತು ಹೋಗು” ಎಂದೆ. ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ತಡೆದೆ. ಎದ್ದು ಹೋಗುವಾಗ, “ಬೋಂಡಾ ವಾಸ್ನೆ ಇವತ್ತಿಲ್ಲ ಮಾವ” ಎಂದು ಹಳೆಯ ದನಿಯಲ್ಲಿ ನಕ್ಕಳು.

ಕಾರ್ತಿಕದಲ್ಲಿ ಅಮ್ಮನೂ ದೊಡ್ಡಪ್ಪನೂ ಲಗ್ನ ಗೊತ್ತುಮಾಡಲು ಊರಿಂದ ಬಂದರು. ಚಾಪೆ ಹಾಸಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟಾಯಿತು. ದೊಡ್ಡಪ್ಪ, “ಇನ್ನೆಷ್ಟ್ ದಿನ ತಡ್ಯೋದಪ್ಪ? ಅವ್ಳೂ ಓದಾಯ್ತು, ನಿಂಗೂ ಕಿವಿ ಪಕ್ಕ ಬೆಳ್ಳಗಾಯ್ತು. ಮಾಘದಲ್ಲಿ ಇಟ್ಕಳಣಾ?” ಎಂದರು.

“ಬೇಡ” ಎಂದೆ.

“ಮಾಘ ಬ್ಯಾಡ್ವಾ? ಫಾಲ್ಗುಣ ಆದೀತಾ?”

“ಅವ್ಳೇ ಬೇಡ.”

ಅಮ್ಮನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಅಕ್ಕ ನಗಲು ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ, “ಯಾಕೋ? ಏನ್ ಕಮ್ಮಿಯಾಗಿದೆ ನನ್ ಮಗ್ಳಿಗೆ?” ಎಂದಳು.

“ಕಮ್ಮಿ ಏನಿಲ್ಲ. ನಂಗೆ ಬೇಡ.”

“ಕಾರಣ ಏಳ್ಲಾ” ಎಂದರು ದೊಡ್ಡಪ್ಪ. “ಕೂಸಿದ್ದಾಗಿಂದ ಮನೇಲೇ ಇಟ್ಕಂಡು, ಓದ್ಸಿ, ಬೆಳ್ಸಿ, ಇವತ್ತು ಎಲೆ ಅಡಿಕೆ ಮುಂದೆ ಕೂತು ಬ್ಯಾಡ ಅಂದ್ರೆ ಕಾರಣ ಬ್ಯಾಡ್ವೇನ್ಲಾ?”

ಕಾರಣ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬೆನ್ನು ತಿರುಗಿಸಿ ಲೋಟ ತೊಳೆಯುತ್ತಾ ನಿಂತಿತ್ತು. ನಲ್ಲಿ ಜೋರಾಗಿ ಬಿಟ್ಟಿದ್ದಳು. ನಾನು ಬಾಯಿ ಬಿಡಲಿಲ್ಲ. ಅವಳಿಗೆ ಕೊಟ್ಟ ಮಾತಿತ್ತು. ಅದಕ್ಕೂ ಮಿಗಿಲಾಗಿ, ಅವಳಿಗೆ ನಾನು ಬೇಡ ಎಂದು ನಾಲ್ಕು ಜನರ ಮುಂದೆ ಹೇಳುವ ಬದಲು ನಾನೇ ಬಿಟ್ಟೆ ಅನ್ನಿಸಿಕೊಳ್ಳುವುದು ನನಗೆ ಸಲೀಸಾಗಿತ್ತು. ದೊಡ್ಡಪ್ಪ ವೀಳ್ಯದ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಅಮ್ಮ ಊಟ ಮಾಡದೆ ಊರ ಬಸ್ಸು ಹತ್ತಿದಳು.

ಬೇಡ ಅಂದ ಮೇಲೆ ಅದೇ ಸೂರಿನ ಕೆಳಗೆ ಇರುವುದು ಸರಿಯಲ್ಲ. ಶೆಡ್ಡಿನ ಹಿಂದಿನ ರಸ್ತೆಯಲ್ಲಿ, ಉತ್ತರ ಕರ್ನಾಟಕದ ಕಟ್ಟಡ ಕೆಲಸದವರು ಬಾಡಿಗೆಗಿರುವ ವಠಾರದಲ್ಲಿ ಒಂದು ಕೋಣೆ ಹಿಡಿದೆ. ಪಕ್ಕದ ಕೋಣೆಯ ರಾಯಚೂರಿನವನು ಮೊದಲ ದಿನವೇ ಜೋಳದ ರೊಟ್ಟಿ ತಂದುಕೊಟ್ಟು, “ಮನಿಯಾಗ ಜಗಳ ಆಗೇತೇನ್ರಿ ಅಣ್ಣಾರ?” ಎಂದ. ಇಲ್ಲ ಎಂದೆ. “ಹಂಗಾದ್ರ ಇಷ್ಟು ಸನೇದಾಗ ಮನಿ ಇಟ್ಕೊಂಡು ಇಲ್ಯಾಕ ಬಂದೀರಿ?” ಎಂದು ತನ್ನಷ್ಟಕ್ಕೇ ಅಂದುಕೊಂಡು ಹೋದ.

ಯುಗಾದಿ ಕಳೆದ ಮೇಲೆ ಜಾಲಹಳ್ಳಿಯವರು ಅಂದುಕೊಂಡಂತೆಯೇ ದಲ್ಲಾಳಿಯನ್ನು ಮುಂದೆ ಮಾಡಿ ಬಂದು ಹುಡುಗಿಯನ್ನು ನೋಡಿದರು. ಮೆಚ್ಚಿದರು. ಅಕ್ಕನಿಗೂ ಮನಸ್ಸು ಹಗುರವಾಯಿತಂತೆ. ಹುಡುಗಿ ನನಗೆ ಫೋನು ಮಾಡಿ, “ಮಾವ, ಮುಗೀತು. ಹಸೆಗೆ ನೀನೇ ಕರ್ಕೊಂಡ್ ಬರ್ಬೇಕು, ಹೊಸ ಪಂಚೆ ತಗೋ” ಎಂದಳು. ಮತ್ತೆ ನೀನು ಎಂದಿದ್ದಳು. ಆ ಭಾನುವಾರ ಹೋಗಿ ಜರಿ ಅಂಚಿನ ಪಂಚೆ ತಂದಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗೇಟಿನವನು ಬಂದು, ಯಾರೋ ಹಿರಿಯರು ಕರೆಯುತ್ತಿದ್ದಾರೆ ಎಂದ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ. ಹುಡುಗನ ತಂದೆ. ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಮಾತಾಡಲಿಲ್ಲ.

“ನಿಮ್ಮ ಬೀದೀಲಿ ವಿಚಾರಿಸಿದ್ವಿ. ಎಲ್ರೂ ಮಾಡೋದೇ, ತಪ್ಪು ತಿಳೀಬೇಡಿ. ಹಿಟ್ಟಿನ ಗಿರಣಿಯೋರು ಒಂದು ಮಾತಂದ್ರು. ಹುಡುಗಿ ಚಿನ್ನ, ಆದ್ರೆ ಸ್ವಂತ ಸೋದರಮಾವನೇ ಎಲೆ ಅಡಿಕೆ ಮುಂದೆ ಬೇಡ ಅಂದ, ಮನೆ ಬಿಟ್ಟೂ ಹೋದ ಅಂತ. ನಿಜಾನಾ?”

“ನಿಜ ಸಾರ್.”

“ಯಾಕೆ ಬೇಡ ಅಂದ್ರಿ? ಅದೊಂದು ಹೇಳ್ಬಿಡಿ. ನಮ್ಮ ಮನೆಯೋರಿಗೆ ಅದೇ ಕೊರೀತಾ ಇದೆ. ಹತ್ತಿರ ಇದ್ದು ಕಂಡೋನು ಏನ್ ಕಂಡ ಅಂತ.”

ಬಾಯಿಗೆ ಮೊದಲು ಬಂದದ್ದನ್ನು ಹೇಳಿದೆ. “ನಾನು ಎತ್ತಿ ಆಡಿಸಿದ ಮಗು ಸಾರ್. ಮಗಳಿದ್ದ ಹಾಗೆ. ಮನಸ್ಸು ಬರ್ಲಿಲ್ಲ.”

ಅವರು ಟೀ ಲೋಟ ಕೆಳಗಿಟ್ಟು ನಕ್ಕರು. ಕೆಟ್ಟ ನಗು ಅಲ್ಲ. “ಸೋದರಮಾವ ಅಂದ್ಮೇಲೆ ಎತ್ತಿ ಆಡಿಸದೇ ಇರ್ತಾನೇನ್ರಿ? ನಾನು ಕಟ್ಕೊಂಡಿರೋದೂ ನಮ್ಮಕ್ಕನ ಮಗಳನ್ನೇ. ನಾನೂ ಎತ್ತಿ ಆಡಿಸಿದೀನಿ.”

ಅವರ ಮನೆಯಾಕೆ ಯಾಕೆ ಅಷ್ಟೊಂದು ಕೊರಗುತ್ತಿದ್ದಾರೆ ಎಂದು ಆಗ ಗೊತ್ತಾಯಿತು. ಸೋದರಮಾವನನ್ನೇ ಕಟ್ಟಿಕೊಂಡು ಬಾಳಿದ ಹೆಂಗಸು. ಮಾವನಾದವನು ಅಕ್ಕನ ಮಗಳನ್ನು ಸುಮ್ಮನೆ ಬಿಡುತ್ತಾನೆ ಎನ್ನುವುದು ಆಕೆಯ ಲೋಕದಲ್ಲೇ ಇಲ್ಲ. ಬಿಟ್ಟ ಅಂದರೆ ಬಿಡುವಂಥದ್ದು ಏನೋ ಕಂಡಿರಬೇಕು.

ಅವಳಿಗೆ ನಿಮ್ಮ ಮಗನೇ ಬೇಕಿತ್ತು, ಅದಕ್ಕೆ ಬಿಟ್ಟೆ ಎಂದು ಹೇಳಬಹುದಿತ್ತು. ಆದರೆ ಆ ಮಾತನ್ನು ಆಡುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಾಗಿತ್ತು. ಅವಳ ಮೇಲಿನ ಅನುಮಾನವನ್ನು ಎತ್ತಿ ಎಲ್ಲಾದರೂ ಇಡಬೇಕಿತ್ತು, ಇಡಲು ನನ್ನ ತಲೆಯೊಂದೇ ಇತ್ತು. ಜನ್ಮದಲ್ಲಿ ಯಾರ ಮುಂದೆಯೂ ತಗ್ಗದವನು ಟೀ ಅಂಗಡಿಯ ಸ್ಟೂಲಿನ ಮೇಲೆ ಕೂತು ತಲೆ ತಗ್ಗಿಸಿ ಹೇಳಿದೆ:

“ಐಬು ಹುಡುಗೀದಲ್ಲ ಸಾರ್. ನಂದೇ. ಮದ್ವೆ ಆಗ್ಬಾರ್ದಂಥ ಕಾಯಿಲೆ ಇದೆ ನಂಗೆ. ಮನೇಲಿ ಹೇಳೋಕಾಗ್ಲಿಲ್ಲ.”

ಅವರು ನನ್ನ ತೋಳು, ಸುಟ್ಟ ಕಲೆಗಳು, ಎಲ್ಲ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, “ಎಂಥದ್ದು? ಮನೆತನದಲ್ಲಿ ಬಂದಿದ್ದಾ?”

“ಇಲ್ಲ ಸಾರ್, ನಂಗೊಬ್ಬನಿಗೇ” ಎಂದೆ. ಅವರು ತಲೆಯಾಡಿಸಿ, ನನ್ನ ಭುಜ ತಟ್ಟಿ, ಲೋಟದಲ್ಲಿ ಅರ್ಧ ಟೀ ಬಿಟ್ಟು ಎದ್ದುಹೋದರು. ಹೇಳಿದ್ದು ಕೆಲಸ ಮಾಡಿತು ಎಂದುಕೊಂಡೆ. ಅವತ್ತು ಸಂಜೆ ನಾನು ಹೊಟ್ಟೆ ತುಂಬ ಊಟ ಮಾಡಿದೆ ಎನ್ನುವುದು ಇನ್ನೂ ನೆನಪಿದೆ.

ನಾಲ್ಕು ದಿನದ ಮೇಲೆ ಜಾತಕ ಕೂಡಿಬರಲಿಲ್ಲ ಎಂದು ದಲ್ಲಾಳಿಯ ಕೈಲಿ ಹೇಳಿ ಕಳಿಸಿದರು. ಹುಡುಗಿಯ ಫೋನು ಬಂತು.

“ಏನ್ ಹೇಳ್ದೆ ಮಾವ ಅವರಪ್ಪನಿಗೆ?”

ಹೇಳಿದೆ.

“ಕಾಯಿಲೆ ಅಂದ್ಯಾ?”

“ನಿನ್ ಮೇಲೆ ಮಾತು ಬರ್ದೇ ಇರ್ಲಿ ಅಂತ ಕಣಮ್ಮ.”

ಆ ಕಡೆ ಬಸ್ಸುಗಳ ಸದ್ದು. ಅದರ ನಡುವೆಯೇ ಮೆಲ್ಲಗೆ, “ನಿನ್ ರಕ್ತಾನೇ ಅಲ್ವಾ ಮಾವ ನಂದೂ? ಅವ್ರಮ್ಮ ಅದನ್ನೇ ಕೇಳಿದ್ರಂತೆ. ಮಾವನಿಗಿರೋದು ಸೊಸೆಗೆ ಇರಲ್ವಾ, ನಾಳೆ ಮಕ್ಕಳಿಗೆ ಬರಲ್ವಾ ಅಂತ” ಎಂದಳು.

“ನಾನೇ ಹೋಗಿ ನಿಜ ಹೇಳ್ಬಿಡ್ತೀನಿ” ಎಂದೆ.

“ಈಗ ಹೇಳಿದ್ರೆ ಮಾವ ಸೊಸೆ ಸೇರಿ ನಾಟಕ ಆಡಿದ್ರು ಅಂತಾರೆ. ಇನ್ನೂ ಕೆಡುತ್ತೆ.”

“ಹಂಗಾದ್ರೆ ರಿಜಿಸ್ಟರ್ ಆಫೀಸಿಗೆ ನಡೀರಿ. ನಾನ್ ಬಂದು ಸಾಕ್ಷಿ ಹಾಕ್ತೀನಿ.”

“ಅವ್ನು ಬರಲ್ಲ ಮಾವ.”

ಅಮ್ಮನನ್ನು ಒಪ್ಪಿಸುತ್ತೇನೆ, ಸ್ವಲ್ಪ ಟೈಮು ಕೊಡು ಎಂದಿದ್ದನಂತೆ. ಆ ಟೈಮಿನಲ್ಲಿ ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಮಾಘದಲ್ಲಿ ಅವನ ಮದುವೆ ಬೇರೆ ಕಡೆ ಆಯಿತು. ಆಫೀಸಿನವರಿಗೆಲ್ಲ ಕರೆಯೋಲೆ ಹಂಚಿದನಂತೆ. ಅವಳ ಟೇಬಲ್ಲಿನ ಮೇಲೂ ಒಂದು ಇತ್ತಂತೆ.

ಅವಳು ಕೆಲಸಕ್ಕೆ ರಜೆ ಹಾಕಿ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದಳು. ಮಾರನೆಯ ದಿನ ಅಕ್ಕ ನನ್ನ ಕೋಣೆಗೆ ಬಂದಳು. ನಾನು ಮನೆ ಬಿಟ್ಟ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಹಿಂದೆಯೇ ಹುಡುಗಿ, ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತಳು.

“ಇಬ್ರೂ ಸೇರಿ ನನ್ ಕಣ್ಣಿಗೆ ಮಣ್ಣೆರಚಿದ್ರಲ್ಲೋ” ಎಂದಳು ಅಕ್ಕ. ಅಳಲಿಲ್ಲ. ಅಳು ಮುಗಿಸಿಕೊಂಡು ಬಂದಿದ್ದಳು. “ಹೋಗ್ಲಿ. ಆಗಿದ್ದಾಯ್ತು. ಇನ್ನ್ಯಾರೂ ಅವಳನ್ನ ಕೇಳ್ಕೊಂಡು ಬರಲ್ಲ. ಬಂದೋರು ಗಿರಣಿ ಹತ್ರಾನೇ ವಾಪಸ್ ಹೋಗ್ತಾರೆ. ನೀನ್ ಕಟ್ಕೊಂಡ್ರೆ ಎಲ್ಲಾ ಬಾಯೂ ಮುಚ್ಚುತ್ತೆ. ಅವ್ಳೂ ಒಪ್ಪಿದಾಳೆ.”

ನಾನು ಹುಡುಗಿಯ ಕಡೆ ನೋಡಿದೆ. ಇಪ್ಪತ್ತೈದು ತುಂಬಿದವಳು ಒಂದೇ ವರ್ಷದಲ್ಲಿ ಬೇರೆ ಯಾರೋ ಆಗಿದ್ದಳು. ಕೆನ್ನೆ ಒಳಗೆ ಹೋಗಿತ್ತು. “ಹೂಂ ಮಾವ. ಆಗ್ಬಿಡ್ಲಿ. ಇನ್ನೇನು” ಎಂದಳು. ಬಿಟ್ಟುಹೋದ ಬಸ್ಸಿನ ಹಿಂದೆ ನಿಂತವರು ಮುಂದಿನ ಬಸ್ಸು ಯಾವುದಾದರೂ ಸರಿ ಎನ್ನುತ್ತಾರಲ್ಲ, ಆ ದನಿ.

ಮೂಲೆಯಲ್ಲಿ ಆ ಜರಿ ಪಂಚೆ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

“ಇಲ್ಲಕ್ಕ” ಎಂದೆ.

“ಲೋ, ಇನ್ನೂ ಕೊಬ್ಬೇನೋ ನಿಂಗೆ?”

“ಕೊಬ್ಬಲ್ಲ. ಬೇರೆಯೋರು ಬಡಿಸ್ದೆ ಹೋದ್ರು ಅಂತ ತಂಗಳನ್ನದ ಥರ ನಾನು ಅವಳ ತಟ್ಟೆಗೆ ಬೀಳಲ್ಲ. ದಿನಾ ಅವಳು ಅದನ್ನ ನುಂಗೋದನ್ನ ಎದುರು ಕೂತು ನೋಡಕ್ಕೂ ಆಗಲ್ಲ.”

ಅಕ್ಕ ಎದ್ದು, ಸೆರಗು ಕೊಡವಿ, ಹೊರಗೆ ಹೋದಳು. ಹುಡುಗಿ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿದಳು. ಅವಳೂ ನಿರೀಕ್ಷಿಸಿರದ ಒಂದು ನಗು ಬಂತು ಅವಳಿಗೆ.

“ಎರಡ್ನೇ ಸಲ ಬೇಡ ಅಂದೆ ಕಣೋ ಮಾವ. ಮೊದಲ್ನೇ ಸಲ ನಾನ್ ಹೇಳ್ಕೊಟ್ಟಿದ್ದೆ. ಈ ಸಲ ನೀನೇ ಹೇಳ್ದೆ.”

ಅವಳಿಗೆ ಸಮಾಧಾನವಾಯಿತೋ, ಇನ್ನೊಂದು ಪೆಟ್ಟು ಬಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯ ಬಂದಿಲ್ಲ. ಮೆಟ್ಟಿಲಿಳಿದು ಹೋಗುವಾಗ ರಾಯಚೂರಿನವನ ಹೆಂಡತಿ, “ಕುಂಡ್ರವಾ ತಂಗಿ, ಚಾ ಕುಡ್ದು ಹೋಗು” ಎಂದದ್ದಕ್ಕೆ ಅವಳು ಕೈಮುಗಿದದ್ದು ಕಾಣಿಸಿತು.

ಅಮ್ಮ ಕಳೆದ ವರ್ಷ ತೀರಿಕೊಂಡಳು. ಕೊಳ್ಳಿ ಇಟ್ಟವನು ನಾನೇ. ಹನ್ನೊಂದನೆಯ ದಿನ ಅಕ್ಕ ಎಲ್ಲರಿಗೂ ಬಡಿಸುತ್ತಾ ಬಂದು ನನ್ನ ಎಲೆಗೂ ಅನ್ನ ಹಾಕಿದಳು. ಸಾಕಾ ಎಂದು ಕೇಳಲಿಲ್ಲ. ನಾನೂ ಕೈ ಅಡ್ಡ ಹಿಡಿಯಲಿಲ್ಲ. ಎಲೆ ತುಂಬಿ ಅನ್ನ ಚೆಲ್ಲಿತು. ಹುಡುಗಿ ದೂರದಲ್ಲಿ ಕೂತು ಫೋನು ನೋಡುತ್ತಿದ್ದಳು. ದೊಡ್ಡಪ್ಪ ನನ್ನ ಪಕ್ಕ ಕೂತವರು ಎದ್ದು ಬೇರೆ ಸಾಲಿಗೆ ಹೋದರು.

ಅವಳು ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದ್ದಾಳೆ. ಬೇರೆ ಕಂಪನಿ, ಬೇರೆ ಪೀಜಿ. ಸಂಬಂಧ ನೋಡುವ ಮಾತೆತ್ತಿದರೆ ಊಟ ಬಿಟ್ಟು ಎದ್ದು ಹೋಗುತ್ತಾಳೆಂದು ಕೇಳಿದ್ದೇನೆ. ಈಗ ಪೀಣ್ಯದಿಂದ ಅಲ್ಲಿಗೆ ಮೆಟ್ರೊ ಇದೆ, ನಡುವೆ ಒಂದು ಕಡೆ ಇಳಿದು ಹತ್ತಿದರೆ ಸಾಕು. ನಾನು ಹೋಗಿಲ್ಲ. ಅವಳೂ ಬಂದಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು. ಬಾಡಿಗೆಯ ಒಂದು ಕೋಣೆ, ಒಂದು ಮಂಚ, ಒಂದು ಗ್ಯಾಸ್ ಒಲೆ. ಉಡದ ಒಂದು ಜರಿ ಪಂಚೆ. ಚೌಕದ ಟೋಪಿ ಹಾಕಿಕೊಂಡ ಒಂದು ಫೋಟೊ. ಒಬ್ಬಳು ಅಕ್ಕ, ಮಾತಿಲ್ಲ. ಒಬ್ಬಳು ಅಕ್ಕನ ಮಗಳು, ಆಯುಧಪೂಜೆಯ ದಿನ ಒಂದು ಫೋನು. ಎರಡು ಫರ್ನೇಸು, ಅವು ಮಾಲೀಕರವು. ಕೈ ಎರಡು.